ಬರಾತ್ ರಾತ್ರಿಯ ದೀಪ: ಒಂದು ಆಚರಣೆಯ ಚರಿತ್ರೆ

ಹಿಜರಿ ಪಂಚಾಂಗದ ಎಂಟನೆಯ ತಿಂಗಳು ಶಾಬಾನ್. ಆ ತಿಂಗಳ ಹದಿನಾಲ್ಕರ ಹೊತ್ತು ಮುಳುಗಿದರೆ ಹದಿನೈದು ಹುಟ್ಟಿತೆಂದೇ ಲೆಕ್ಕ, ಏಕೆಂದರೆ ಇಸ್ಲಾಮಿನ ದಿನ ಸೂರ್ಯಾಸ್ತದಿಂದ ಮೊದಲಾಗುತ್ತದೆ. ಆ ರಾತ್ರಿಯನ್ನು ಮುಸ್ಲಿಂ ಜಗತ್ತಿನ ಬಹುಭಾಗ ಎಚ್ಚರವಿದ್ದು ಕಳೆಯುತ್ತದೆ. ಅರಬ್ಬಿಯಲ್ಲಿ ಅದು ಲೈಲತುಲ್ ಬರಾಅತ್, ಪಾರಸಿ ಬಲ್ಲವರಿಗೆ ಷಬ್-ಎ-ಬರಾತ್, ತುರ್ಕರಿಗೆ ಬೆರಾತ್ ಕಂದೀಲಿ. ಕರ್ನಾಟಕದ ದಖನಿ ಮನೆಮಾತಿನಲ್ಲಿ ಇನ್ನೂ ಸರಳವಾದ ಹೆಸರಿದೆ: ಜಾಗನೇ ಕಿ ರಾತ್. ಕನ್ನಡದಲ್ಲಿ ಹೇಳಿದರೆ ಜಾಗರಣೆಯ ರಾತ್ರಿ.

ಮಧ್ಯಾಹ್ನ ರವೆಯದೋ ಕಡಲೆಬೇಳೆಯದೋ ಹಲ್ವ, ಮುಸ್ಸಂಜೆ ಸತ್ತ ಹಿರಿಯರ ಹೆಸರಿನಲ್ಲಿ ಓದಿಕೆ, ಇಶಾ ನಮಾಜಿನ ನಂತರ ಮಸೀದಿಯಲ್ಲಿ ಜಾಗರಣೆ, ನಡುರಾತ್ರಿ ಹೂವು ಊದುಬತ್ತಿ ಹಿಡಿದು ಖಬರಸ್ತಾನಕ್ಕೆ ಹೋಗುವುದು, ಮರುದಿನ ಉಪವಾಸ. ಬಯಲುಸೀಮೆಯ ಯಾವ ಊರಿಗೆ ಹೋದರೂ ಆಚರಣೆಯ ಕ್ರಮ ಹೆಚ್ಚುಕಡಿಮೆ ಇದೇ. ಈ ಕ್ರಮದ ಸುತ್ತ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಇದು ಅಸಲಿಗೆ ಇಸ್ಲಾಮಿನದಲ್ಲ, ದೀಪಾವಳಿಯನ್ನು ನೋಡಿ ಕಲಿತದ್ದು ಎಂಬ ಮಾತು. ಸುಧಾರಣಾವಾದಿ ಉಲೇಮಾಗಳು ಇದನ್ನು ಆಚರಣೆ ಬಿಡಿಸಲು ಹೇಳುತ್ತಾರೆ. ನಾಡಿನ ಸಂಸ್ಕೃತಿ ಕೂಡಿ ಬೆಳೆದದ್ದೆಂದು ತೋರಿಸಬಯಸುವ ಸಜ್ಜನರು ಇದನ್ನೇ ಮೆಚ್ಚಿ ಹೇಳುತ್ತಾರೆ. ಉದ್ದೇಶ ಎದುರುಬದುರಾಗಿದ್ದರೂ ತೀರ್ಮಾನ ಒಂದೇ ಆಗಿರುವುದರಿಂದ ಅದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಆ ಪರೀಕ್ಷೆಯೇ ಈ ಲೇಖನದ ಕೆಲಸ. ಆಧಾರಗಳನ್ನು ಕಾಲಾನುಕ್ರಮದಲ್ಲಿ ಇಟ್ಟುನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಈ ರಾತ್ರಿಯ ದೀಪ ಭಾರತಕ್ಕಿಂತ ಮೊದಲೇ ಉರಿಯುತ್ತಿತ್ತು. ಅದು ಉರಿದ ಊರೂರಲ್ಲೂ ಅದನ್ನು ಒಪ್ಪದವರು ಆ ದೀಪ ನೆರೆಯ ಧರ್ಮದವರದೆಂದೇ ದೂರಿದ್ದಾರೆ.

ಹೆಸರು ಮತ್ತು ಹದೀಸು

ಬರಾಅತ್ ಎಂದರೆ ಅರಬ್ಬಿಯಲ್ಲಿ ಬಿಡುಗಡೆ, ಋಣದಿಂದಲೋ ದೋಷದಿಂದಲೋ ಮುಕ್ತಿ. ಪಾರಸಿ ಆಡಳಿತ ಭಾಷೆಯಲ್ಲಿ ಬರಾತ್ ಎಂದರೆ ಖಜಾನೆಯ ಮೇಲೆ ಬರೆದುಕೊಟ್ಟ ಹಣದ ಚೀಟಿ. ಮರಾಠಿ ದಫ್ತರಗಳ ‘ವರಾತ್’ ಇದೇ ಪದ. ಸಾಲ ಕೊಟ್ಟವನು ಬಾಗಿಲಿಗೆ ಬಂದು ಬಿಡದೆ ಕೇಳುವುದಕ್ಕೆ ನಾವು ಕನ್ನಡದಲ್ಲಿ ಹೇಳುವ ‘ವರಾತ’ವೂ ಆ ಚೀಟಿಯಿಂದಲೇ ಹುಟ್ಟಿದ್ದೆಂದು ನನಗೆ ತೋರುತ್ತದೆ. ಜನಸಾಮಾನ್ಯರ ನಂಬಿಕೆಯಲ್ಲಿ ಎರಡು ಅರ್ಥಗಳೂ ಕೂಡಿಕೊಂಡಿವೆ. ಆ ರಾತ್ರಿ ಪಾಪದಿಂದ ಬಿಡುಗಡೆ. ಆ ರಾತ್ರಿಯೇ ಬರುವ ವರ್ಷದ ಅನ್ನ, ಹುಟ್ಟು, ಸಾವುಗಳ ಪಾಲು ಬರೆಯಲ್ಪಡುತ್ತದೆ.

ಈ ಎರಡನೆಯ ನಂಬಿಕೆಗೆ ಆಧಾರವಾಗಿ ಕುರ್‌ಆನಿನ 44ನೇ ಅಧ್ಯಾಯ ಅದ್ದುಖಾನ್‌ನ ಆರಂಭದಲ್ಲಿ ಬರುವ ‘ಅನುಗ್ರಹದ ರಾತ್ರಿ’ಯನ್ನು ತೋರಿಸುವವರಿದ್ದಾರೆ. ಇಬ್ನ್ ಅಬ್ಬಾಸರ ಶಿಷ್ಯ ಇಕ್ರಿಮಾ ಅದನ್ನು ಶಾಬಾನಿನ ನಡುವಿನ ರಾತ್ರಿಯೆಂದು ಅರ್ಥೈಸಿದರು. ಬಹುಸಂಖ್ಯೆಯ ವ್ಯಾಖ್ಯಾನಕಾರರು ಒಪ್ಪಲಿಲ್ಲ. ಅದು ರಂಜಾನಿನ ಲೈಲತುಲ್ ಕದ್ರ್ ಎಂದರು. ಅವರ ಪಕ್ಷವೇ ಗಟ್ಟಿ, ಏಕೆಂದರೆ ಕುರ್‌ಆನ್ ಇಳಿದ ತಿಂಗಳು ರಂಜಾನ್ ಎಂದು ಕುರ್‌ಆನೇ ಬೇರೆಡೆ ಹೇಳುತ್ತದೆ.

ಹಾಗಾಗಿ ಈ ರಾತ್ರಿ ನಿಂತಿರುವುದು ಹದೀಸುಗಳ, ಅಂದರೆ ಪ್ರವಾದಿಯವರ ನಡೆನುಡಿಯ ನಿರೂಪಣೆಗಳ, ಮೇಲೆ. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಪ್ರವಾದಿಯವರ ಪತ್ನಿ ಆಯಿಷಾ ಅವರ ನಿರೂಪಣೆ. ತಿರ್ಮಿದಿ (ನಿಧನ 892) ಮತ್ತು ಇಬ್ನ್ ಮಾಜಾ (ನಿಧನ 887) ಇಬ್ಬರೂ ಅದನ್ನು ದಾಖಲಿಸಿದ್ದಾರೆ. ನಡುರಾತ್ರಿ ಎಚ್ಚರವಾದಾಗ ಪಕ್ಕದಲ್ಲಿ ಪ್ರವಾದಿಯವರು ಇಲ್ಲ. ಹುಡುಕಿಕೊಂಡು ಹೋದರೆ ಮದೀನಾದ ಬಕೀ ಸ್ಮಶಾನದಲ್ಲಿ ನಿಂತಿದ್ದಾರೆ. ಈ ರಾತ್ರಿ ಕಲ್ಬ್ ಬುಡಕಟ್ಟಿನ ಕುರಿಗಳ ಮೈಮೇಲಿನ ಕೂದಲಿಗಿಂತ ಹೆಚ್ಚು ಜನರಿಗೆ ಕ್ಷಮೆ ಸಿಗುತ್ತದೆಂದು ತಿಳಿಸುತ್ತಾರೆ. ಇಂದು ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಅಪರಾತ್ರಿಯಲ್ಲಿ ಗೋರಿಯ ಬಳಿ ನಿಲ್ಲುವವನ ಹಿಂದೆ ಇರುವುದು ಈ ಚಿತ್ರವೇ. ಆದರೆ ತಿರ್ಮಿದಿ ತಾವೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ: ತಮ್ಮ ಗುರು ಬುಖಾರಿ ಈ ಹದೀಸನ್ನು ದುರ್ಬಲವೆಂದಿದ್ದಾರೆ, ನಿರೂಪಕರ ಸರಪಳಿಯಲ್ಲಿ ಎರಡು ಕಡೆ ಕೊಂಡಿ ಕಳಚಿದೆ. ರಾತ್ರಿ ಎದ್ದು ಪ್ರಾರ್ಥಿಸಿ ಹಗಲು ಉಪವಾಸವಿರಿ ಎನ್ನುವ ಇನ್ನೊಂದು ಹದೀಸಿನ ಸರಪಳಿ ಇದಕ್ಕಿಂತಲೂ ಸಡಿಲ. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡವನಿಗೆ ಮಾತ್ರ ಆ ರಾತ್ರಿ ಕ್ಷಮೆಯಿಲ್ಲ ಎನ್ನುವ ಮೂರನೆಯದು ಹಲವು ದಾರಿಗಳಿಂದ ಬಂದಿರುವುದರಿಂದ ಅದನ್ನು ಒಪ್ಪಿಕೊಂಡ ವಿದ್ವಾಂಸರಿದ್ದಾರೆ. ಬರಾತ್‌ಗೆ ಮುನ್ನ ಜಗಳವಾಡಿದವರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ರೂಢಿಯ ಬೇರು ಇಲ್ಲಿದೆ.

ಇಷ್ಟರಿಂದ ಒಂದು ತೀರ್ಮಾನಕ್ಕೆ ಬರಬಹುದು. ಈ ರಾತ್ರಿಯ ಶಾಸ್ತ್ರಾಧಾರ ತೆಳುವು, ಆದರೆ ಇಲ್ಲವೇ ಇಲ್ಲವೆನ್ನಲಾಗದು. ತೆಳುವಾದ ಆಧಾರದ ಮೇಲೆ ಇಷ್ಟು ದಟ್ಟವಾದ ಆಚರಣೆ ಹೇಗೆ ಬೆಳೆಯಿತು ಎಂಬುದು ಚರಿತ್ರೆಯ ಪ್ರಶ್ನೆ.

ಮೆಕ್ಕಾ, ಜೆರುಸಲೇಮ್, ಡಮಾಸ್ಕಸ್

ಮೊದಲ ಜಗಳ ನಡೆದದ್ದು ಹಿಜರಿಯ ಮೊದಲೆರಡು ಶತಮಾನಗಳಲ್ಲೇ. ಡಮಾಸ್ಕಸ್‌ನ ವಿದ್ವಾಂಸ ಇಬ್ನ್ ರಜಬ್ (ನಿಧನ 1393) ಅದರ ವಿವರ ಕೊಡುತ್ತಾರೆ. ಸಿರಿಯಾದ ಹಿರಿಯರಾದ ಖಾಲಿದ್ ಬಿನ್ ಮಅದಾನ್, ಮಕ್‌ಹೂಲ್, ಲುಕ್ಮಾನ್ ಬಿನ್ ಆಮಿರ್ ಈ ರಾತ್ರಿಯನ್ನು ಗೌರವಿಸುತ್ತಿದ್ದರು. ಒಳ್ಳೆಯ ಬಟ್ಟೆಯುಟ್ಟು, ಕಣ್ಣಿಗೆ ಸುರ್ಮಾ ಹಚ್ಚಿ, ಊದು ಹಾಕಿಕೊಂಡು ಮಸೀದಿಯಲ್ಲಿ ಕೂಡುತ್ತಿದ್ದವರೂ ಇದ್ದರು. ಮೆಕ್ಕಾ, ಮದೀನಾಗಳಿರುವ ಹಿಜಾಜಿನ ವಿದ್ವಾಂಸರು ಇದನ್ನು ಬಿದ್‌ಅತ್, ಅಂದರೆ ಧರ್ಮದಲ್ಲಿಲ್ಲದ ಹೊಸ ಸೇರ್ಪಡೆ ಎಂದರು. ಸಿರಿಯಾದವರೇ ಆದ ಇಮಾಮ್ ಔಜಾಈ (ನಿಧನ 774) ನಡುದಾರಿ ಹಿಡಿದರು. ಮಸೀದಿಯಲ್ಲಿ ಗುಂಪುಗೂಡುವುದು ಬೇಡ, ಒಬ್ಬೊಬ್ಬರೇ ಮನೆಯಲ್ಲಿ ಪ್ರಾರ್ಥಿಸಿದರೆ ತಪ್ಪಿಲ್ಲ. ಮುಂದಿನ ಹನ್ನೆರಡು ಶತಮಾನಗಳ ವಾದವೆಲ್ಲ ಈ ಮೂರು ಮಾತುಗಳ ಸುತ್ತಲೇ ತಿರುಗಿದೆ. ಆಗಿನ್ನೂ ದೀಪದ ಪ್ರಸ್ತಾಪವಿಲ್ಲ. ವಾದ ಇದ್ದದ್ದು ಕೂಡುವುದರ ಬಗ್ಗೆ.

ಹಿಜಾಜ್ ಒಪ್ಪಲಿಲ್ಲವೆಂದರೆ ಅಲ್ಲಿಯ ಜನ ಆಚರಿಸಲಿಲ್ಲವೆಂದು ತಿಳಿಯಬಾರದು. 9ನೇ ಶತಮಾನದಲ್ಲಿ ಮೆಕ್ಕಾದ ಚರಿತ್ರೆ ಬರೆದ ಫಾಕಿಹೀ ಕೊಡುವ ಚಿತ್ರ ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ. ಆ ರಾತ್ರಿ ಮೆಕ್ಕಾದ ಗಂಡಸರೂ ಹೆಂಗಸರೂ ಪವಿತ್ರ ಮಸೀದಿಗೆ ಬಂದು ಕಾಬಾಕ್ಕೆ ಸುತ್ತು ಹಾಕಿ, ಬೆಳಗಿನವರೆಗೆ ಕುರ್‌ಆನ್ ಓದಿ ಮುಗಿಸುತ್ತಿದ್ದರು. ಕೆಲವರು ನೂರು ರಕಅತ್, ಅಂದರೆ ನೂರು ಆವರ್ತನೆಯ, ನಮಾಜು ಮಾಡುತ್ತಿದ್ದರು, ಪ್ರತಿ ರಕಅತ್‌ನಲ್ಲಿ ಹತ್ತು ಸಲ ಇಖ್ಲಾಸ್ ಅಧ್ಯಾಯ ಓದುತ್ತಿದ್ದರು. ಜಮ್‌ಜಮ್ ನೀರು ಕುಡಿದು, ಮೈಗೆ ಹೊಯ್ದುಕೊಂಡು, ಕಾಯಿಲೆಯವರಿಗೆಂದು ಮನೆಯಲ್ಲಿ ತೆಗೆದಿಡುತ್ತಿದ್ದರು. ಹಿಂದಿನಿಂದ ಇಂದಿನವರೆಗೂ ಹೀಗೇ ನಡೆದಿದೆ ಎನ್ನುವುದು ಫಾಕಿಹೀಯ ಮಾತಿನ ಸಾರ. ಅವರ ಕಾಲಕ್ಕಾಗಲೇ ಅದು ಹಳೆಯ ರೂಢಿ.

ಈ ಸಾಕ್ಷ್ಯವನ್ನು ಪಕ್ಕದಲ್ಲಿಟ್ಟುಕೊಂಡೇ ಜೆರುಸಲೇಮಿನ ಪ್ರಸಿದ್ಧ ಕಥೆಯನ್ನು ಓದಬೇಕು. ಮುಸ್ಲಿಂ ಸ್ಪೇನಾದ ಆಂದಲೂಸಿನಿಂದ ಬಂದು ಅಲೆಕ್ಸಾಂಡ್ರಿಯಾದಲ್ಲಿ ನೆಲೆಸಿದ ತುರ್ತೂಶೀ (ನಿಧನ 1126) ಬಿದ್‌ಅತ್‌ಗಳ ವಿರುದ್ಧ ಬರೆದ ಗ್ರಂಥದಲ್ಲಿ ಅದನ್ನು ಹೇಳಿದ್ದಾರೆ. ಹಿಜರಿ 448ರಲ್ಲಿ, ಅಂದರೆ 1056ರಲ್ಲಿ, ನಾಬ್ಲುಸ್‌ನಿಂದ ಇಬ್ನ್ ಅಬಿಲ್ ಹಮ್ರಾ ಎಂಬವನು ಜೆರುಸಲೇಮಿಗೆ ಬಂದ. ಕಂಠ ಚೆನ್ನಾಗಿತ್ತು. ಶಾಬಾನಿನ ಆ ರಾತ್ರಿ ಅಕ್ಸಾ ಮಸೀದಿಯಲ್ಲಿ ಒಬ್ಬನೇ ನಮಾಜಿಗೆ ನಿಂತ. ಹಿಂದೆ ಒಬ್ಬ ಬಂದು ನಿಂತ, ಆಮೇಲೆ ಮೂರನೆಯವನು, ನಾಲ್ಕನೆಯವನು. ನಮಾಜು ಮುಗಿಯುವ ಹೊತ್ತಿಗೆ ದೊಡ್ಡ ಜಮಾತು. ಮರುವರ್ಷ ಅವನು ಮತ್ತೆ ಬಂದಾಗ ಜನ ಕಿಕ್ಕಿರಿದರು, ಕ್ರಮೇಣ ಅದು ಮನೆಮನೆಯ ಆಚರಣೆಯಾಯಿತು. ನೂರು ರಕಅತ್‌ಗೆ ಹತ್ತರಂತೆ ಸಾವಿರ ಇಖ್ಲಾಸ್ ಆಗುವುದರಿಂದ ಈ ನಮಾಜಿಗೆ ‘ಅಲ್ಫಿಯ್ಯಾ’, ಸಾವಿರದ ನಮಾಜು, ಎಂದು ಹೆಸರು ಬಂತು.

ತುರ್ತೂಶೀಯ ಪ್ರಕಾರ ಈ ಪದ್ಧತಿ ಅಲ್ಲಿ ಹುಟ್ಟಿತು. ಅವರನ್ನು ಅನುಸರಿಸಿ ಇಂದಿಗೂ ಬರಾತ್ ನಮಾಜನ್ನು 448ರ ಹೊಸ ಸೃಷ್ಟಿಯೆಂದು ಬರೆಯುತ್ತಾರೆ. ಆದರೆ ಅದೇ ನೂರು ರಕಅತ್, ಅದೇ ಹತ್ತು ಇಖ್ಲಾಸ್ ಇದಕ್ಕೆ ನೂರೈವತ್ತು ವರ್ಷ ಮೊದಲೇ ಮೆಕ್ಕಾದಲ್ಲಿತ್ತು. ಜೆರುಸಲೇಮಿನಲ್ಲಿ ಅದು ಮೊದಲಾದದ್ದು 448ರಲ್ಲಿ ಇರಬಹುದು, ಹುಟ್ಟಿದ್ದು ಅಲ್ಲಲ್ಲ. ಒಂದು ಆಚರಣೆಯ ಜನ್ಮದಿನವನ್ನು ಅದರ ಎದುರಾಳಿಯ ಬಾಯಿಂದ ಮಾತ್ರ ಕೇಳಿಕೊಂಡರೆ ಇತಿಹಾಸಕಾರ ಎಡವುತ್ತಾನೆ.

ಈ ನಮಾಜಿನ ಬಗ್ಗೆ ಹಿರಿಯರಲ್ಲೇ ಭಿನ್ನಮತವಿತ್ತು. ಗಜ್ಜಾಲಿ (ನಿಧನ 1111) ‘ಇಹ್ಯಾ’ದಲ್ಲಿ ಇದನ್ನು ಮೆಚ್ಚಿ ನಮೂದಿಸಿದರು. ಇಹ್ಯಾದಲ್ಲಿ ಇದೆಯೆಂದು ಮೋಸಹೋಗಬೇಡಿ ಎಂದು ನವವೀ (ನಿಧನ 1277) ಎಚ್ಚರಿಸಿದರು. ಇಬ್ನ್ ತೈಮಿಯ್ಯಾ (ನಿಧನ 1328) ಕಟ್ಟುನಿಟ್ಟಿಗೆ ಹೆಸರಾದವರು. ಅವರೂ ಔಜಾಈಯ ಜಾಡಿನಲ್ಲೇ ನಡೆದು, ಒಬ್ಬರೇ ಪ್ರಾರ್ಥಿಸುವುದು ಒಳ್ಳೆಯದು, ಮಸೀದಿಯಲ್ಲಿ ಗೊತ್ತುಪಡಿಸಿದ ಎಣಿಕೆಯ ಸಾಮೂಹಿಕ ನಮಾಜು ಬೇಡ ಎಂದರು. ಈ ಸಂಗತಿಯನ್ನು ಅವರ ಹೆಸರಿನಲ್ಲಿ ಇಡೀ ರಾತ್ರಿಯನ್ನೇ ತಳ್ಳಿಹಾಕುವವರೂ, ಅವರನ್ನು ಬೈಯುವವರೂ ಇಬ್ಬರೂ ಮರೆಯುತ್ತಾರೆ.

ಇನ್ನು ದೀಪ. ಫಾತಿಮಿಗಳ ಕೈರೋದಲ್ಲಿ ವರ್ಷಕ್ಕೆ ನಾಲ್ಕು ‘ದೀಪದ ರಾತ್ರಿ’ಗಳಿದ್ದವು: ರಜಬ್ ತಿಂಗಳ ಮೊದಲ ರಾತ್ರಿ ಮತ್ತು ನಡುವಿನ ರಾತ್ರಿ, ಶಾಬಾನಿನ ಮೊದಲ ರಾತ್ರಿ ಮತ್ತು ನಡುವಿನ ರಾತ್ರಿ. ಆ ರಾತ್ರಿಗಳಲ್ಲಿ ಮುಖ್ಯ ಕಾಜಿ ದೊಡ್ಡ ಮೇಣದ ದೀಪಗಳ ಮೆರವಣಿಗೆಯೊಂದಿಗೆ ಖಲೀಫನ ಅರಮನೆಯ ಮುಂದೆ ಬರುತ್ತಿದ್ದುದನ್ನು ಮಕ್ರೀಜೀ (ನಿಧನ 1442) ವಿವರಿಸಿದ್ದಾರೆ. ಫಾತಿಮಿಗಳು ಇಸ್ಮಾಯಿಲಿ ಶಿಯಾಗಳು, ಆದರೆ ದೀಪ ಅವರ ಪಂಥದೊಳಗೆ ಉಳಿಯಲಿಲ್ಲ. ಸುನ್ನಿ ಡಮಾಸ್ಕಸ್‌ನ ಉಮಯ್ಯದ್ ಮಹಾಮಸೀದಿಯಲ್ಲಿ ಸುಮಾರು ಹಿಜರಿ 450ರಿಂದ ಈ ರಾತ್ರಿ ವಿಶೇಷ ದೀಪ ಹಚ್ಚುವ ರೂಢಿ ಬೆಳೆದಿತ್ತು. ಆಂದಲೂಸಿನ ಯಾತ್ರಿಕ ಇಬ್ನ್ ಜುಬೈರ್ 1183ರಲ್ಲಿ ಮೆಕ್ಕಾದಲ್ಲಿದ್ದಾಗ ಆ ರಾತ್ರಿಯ ಗುಂಪುಗುಂಪು ನಮಾಜುಗಳನ್ನೂ, ಮೇಣದಬತ್ತಿ, ಹಣತೆ, ಪಂಜುಗಳ ಬೆಳಕನ್ನೂ ಕಣ್ಣಾರೆ ಕಂಡು ಬರೆದಿದ್ದಾರೆ. ಮೇಲೆ ಹುಣ್ಣಿಮೆ, ಕೆಳಗೆ ದೀಪ.

ವಿರೋಧಿಗಳು ಕೇಳಿದ ಪ್ರಶ್ನೆ ಸಹಜವಾದದ್ದು: ಈ ಬೆಂಕಿ ಎಲ್ಲಿಂದ ಬಂತು? ಡಮಾಸ್ಕಸ್‌ನ ಅಬೂ ಶಾಮಾ (ನಿಧನ 1267) ಕೊಟ್ಟ ಉತ್ತರ ಶತಮಾನಗಳ ಕಾಲ ಚಲಾವಣೆಯಲ್ಲಿತ್ತು. ಅಬ್ಬಾಸಿ ಖಲೀಫರ ಮಂತ್ರಿಮನೆತನವಾದ ಬರ್ಮಕಿಗಳು ಮೂಲತಃ ಅಗ್ನಿಪೂಜಕರು, ಇಸ್ಲಾಮಿಗೆ ಬಂದ ಮೇಲೂ ಬೆಂಕಿಯ ಮೋಹ ಬಿಡದೆ ಮಸೀದಿಗೆ ದೀಪದ ಸಾಲು ತಂದರು ಎಂಬುದು ಆ ಉತ್ತರ. ಕೇಳಲು ಒಪ್ಪುವಂತಿದೆ, ಆದರೆ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಬರ್ಮಕಿಗಳ ಅಧಿಕಾರ 803ರಲ್ಲೇ ಮುರಿದುಬಿತ್ತು. ಡಮಾಸ್ಕಸ್‌ನ ದೀಪಕ್ಕೂ ಅವರಿಗೂ ನಡುವೆ ಎರಡೂವರೆ ಶತಮಾನದ ಅಂತರವಿದೆ. ಅದಕ್ಕಿಂತ ಮುಖ್ಯವಾದ ಸಂಗತಿ, ಅವರು ಅಗ್ನಿಪೂಜಕರ ವಂಶವೇ ಅಲ್ಲ. ಬಲ್ಖ್‌ನಲ್ಲಿ ಅವರ ಪೂರ್ವಿಕರು ನಡೆಸುತ್ತಿದ್ದ ನೌಬಹಾರ್ ಎಂದರೆ ನವವಿಹಾರ, ಬೌದ್ಧರ ಮಠ. ಬರ್ಮಕ್ ಎಂಬ ಹೆಸರನ್ನು ವಿದ್ವಾಂಸರು ಸಂಸ್ಕೃತದ ‘ಪ್ರಮುಖ’ಕ್ಕೆ ಜೋಡಿಸುತ್ತಾರೆ. ನೆರೆಯವನ ಧರ್ಮವನ್ನು ದೂರುವಾಗ ನೆರೆಯವನು ಯಾರೆಂದು ವಿಚಾರಿಸುವಷ್ಟು ವ್ಯವಧಾನವೂ ಇರಲಿಲ್ಲ.

ಕೊನೆಗೆ ಹಿಜರಿ 751ರಲ್ಲಿ, ಅಂದರೆ 1350ರಲ್ಲಿ, ಡಮಾಸ್ಕಸ್ ಮಸೀದಿಯ ಶಾಬಾನ್ ದೀಪಗಳನ್ನು ಸುಲ್ತಾನನ ಆಜ್ಞೆಯಿಂದ ನಿಲ್ಲಿಸಲಾಯಿತು. ಆ ವರ್ಷ ಅದೇ ಊರಿನಲ್ಲಿದ್ದ ಇತಿಹಾಸಕಾರ ಇಬ್ನ್ ಕಸೀರ್ ಮುನ್ನೂರು ವರ್ಷಗಳ ರೂಢಿ ಮುಗಿಯಿತೆಂದು ಸಂತೋಷದಿಂದ ದಾಖಲಿಸಿದ್ದಾರೆ. ಆ ಸಂತೋಷದ ಸಾಲೇ ಈಗ ನಮಗೆ ಸಾಕ್ಷ್ಯ: ಒಂದು ದೊಡ್ಡ ಸುನ್ನಿ ನಗರದಲ್ಲಿ, ಭಾರತದ ಸೋಂಕೇ ಇಲ್ಲದೆ, ಮುನ್ನೂರು ವರ್ಷ ಬರಾತ್ ದೀಪ ಉರಿದಿತ್ತು.

ಬಿರುಸು ಬಾಣ

ಡಮಾಸ್ಕಸ್‌ನಲ್ಲಿ ದೀಪ ಆರಿದ ಮರುವರ್ಷವೇ, 1351ರಲ್ಲಿ, ದೆಹಲಿಯ ಗದ್ದುಗೆಗೆ ಫಿರೋಜ್ ಷಾ ತುಘಲಕ್ ಬಂದ. ತೈಮೂರನ ದಾಳಿಯ ನಂತರ ಅವನ ಚರಿತ್ರೆ ಬರೆದ ಶಮ್ಸ್ ಸಿರಾಜ್ ಅಫೀಫ್, ಷಬ್-ಎ-ಬರಾತ್‌ನಲ್ಲಿ ಫಿರೋಜಾಬಾದಿನ ಅರಮನೆಯ ಮುಂದೆ ನಡೆಯುತ್ತಿದ್ದ ಬಿರುಸು ಬಾಣಗಳ ಪ್ರದರ್ಶನವನ್ನು ವಿವರಿಸಿದ್ದಾನೆ. ಈ ಸಾಲುಗಳು ಬಹಳ ಮುಖ್ಯ. ಭಾರತದಲ್ಲಿ ಹಬ್ಬಕ್ಕೆ ಮದ್ದು ಸುಟ್ಟ ಹಳೆಯ ದಾಖಲೆಗಳಲ್ಲಿ ಇದೂ ಒಂದು, ಅದು ಸಿಗುವುದು ಬರಾತ್ ರಾತ್ರಿಯ ಸಂದರ್ಭದಲ್ಲಿ.

ಪುಣೆಯ ಭಂಡಾರ್ಕರ್ ಸಂಶೋಧನ ಸಂಸ್ಥೆಯ ಪಿ. ಕೆ. ಗೋಡೆ ಅವರು 1400ರಿಂದ 1900ರವರೆಗಿನ ಭಾರತದ ಬಾಣಬಿರುಸಿನ ಚರಿತ್ರೆಯನ್ನು ಕುರಿತು ಬರೆದ ಪುಸ್ತಿಕೆ 1953ರಲ್ಲಿ ನಮ್ಮ ಬಸವನಗುಡಿಯ ವಿಶ್ವಸಂಸ್ಕೃತಿ ಸಂಸ್ಥೆಯಿಂದಲೇ ಪ್ರಕಟವಾಯಿತು. ಚೀನಾದಿಂದ ಹರಡಿದ ಮದ್ದಿನ ವಿದ್ಯೆ ಭಾರತದ ಹಬ್ಬಗಳನ್ನು ಸೇರಿದ್ದು ಮಧ್ಯಯುಗದ ಕೊನೆಯಲ್ಲಿ ಎಂಬುದನ್ನು ಅವರು ಸಂಸ್ಕೃತ, ಮರಾಠಿ, ಪಾರಸಿ ಆಧಾರಗಳಿಂದ ತೋರಿಸಿದರು. ಪಾರಸಿ ರಾಯಭಾರಿ ಅಬ್ದುರ್ ರಜ್ಜಾಕ್ 1443ರಲ್ಲಿ ವಿಜಯನಗರದ ಮಹಾನವಮಿಯಲ್ಲಿ ಬಾಣಬಿರುಸು ಕಂಡದ್ದು ಪ್ರಸಿದ್ಧ. ದೀಪಾವಳಿಯ ಹಣತೆ ಪುರಾತನ. ದೀಪಾವಳಿಯ ಪಟಾಕಿ ಹಾಗಲ್ಲ. ಹಾಗಿರುವಾಗ ಬರಾತ್‌ನ ಪಟಾಕಿ ದೀಪಾವಳಿಯಿಂದ ಬಂತೆನ್ನುವುದಕ್ಕೆ ಕಾಲವೇ ಒಪ್ಪುವುದಿಲ್ಲ. ಹೊಸದಾಗಿ ಬಂದ ಒಂದು ಅರಮನೆಯ ವಿನೋದವನ್ನು ಸುಲ್ತಾನರೂ ರಾಯರೂ ತಮ್ಮ ತಮ್ಮ ಹಬ್ಬಕ್ಕೆ ತೆಗೆದುಕೊಂಡರು, ಅಲ್ಲಿಂದ ಅದು ಬೀದಿಗಿಳಿಯಿತು. ಯಾರೂ ಯಾರಿಂದಲೂ ಕದ್ದದ್ದಲ್ಲ.

ಮೊಗಲರ ಕಾಲಕ್ಕೆ ಬರಾತ್ ಆಸ್ಥಾನದ ದೊಡ್ಡ ಉತ್ಸವ. 1617ರಲ್ಲಿ ಜಹಾಂಗೀರ್ ಮಾಂಡುವಿನಲ್ಲಿ ಬೀಡುಬಿಟ್ಟಿದ್ದಾಗ ದೊಡ್ಡ ಕೆರೆಗಳ ನಡುವೆ ಇದ್ದ ನೂರ್‌ಜಹಾನಳ ಮನೆಯಲ್ಲಿ ಆ ರಾತ್ರಿಯನ್ನು ಕಳೆದ. ಕೆರೆಯ ಸುತ್ತ, ಕಟ್ಟಡಗಳ ಮೇಲೆ ದೀಪಗಳ ಸಾಲು, ನೀರಿನಲ್ಲಿ ಅವುಗಳ ನೆರಳು. ಅಂಥ ದೀಪಾಲಂಕಾರ ಹಿಂದೆಂದೂ ಆಗಿರಲಿಕ್ಕಿಲ್ಲ ಎಂಬ ಹೆಮ್ಮೆಯನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ. ದಖನ್ನಿನಲ್ಲಿ ಗೋಲ್ಕೊಂಡದ ಮಹಮ್ಮದ್ ಕುಲಿ ಕುತುಬ್ ಷಾ (ನಿಧನ 1612) ಬಸಂತ, ಮಳೆಗಾಲ, ನೌರೋಜ್‌ಗಳ ಜೊತೆ ಷಬ್-ಎ-ಬರಾತ್ ಮೇಲೂ ದಖನಿಯಲ್ಲಿ ಕವಿತೆಗಳನ್ನು ಕಟ್ಟಿದ. ಕುತುಬ್‌ಶಾಹಿಗಳು ಶಿಯಾಗಳಾದ್ದರಿಂದ ಅವರಿಗೆ ಅದು ಇಮ್ಮಡಿ ಹಬ್ಬ. ಹನ್ನೆರಡನೆಯ ಇಮಾಮ್ ಮಹದಿ ಹಿಜರಿ 255ರಲ್ಲಿ ಸಾಮರ್ರಾದಲ್ಲಿ ಹುಟ್ಟಿದ್ದು ಇದೇ ಶಾಬಾನ್ 15ರಂದು ಎಂದು ಅವರ ಶ್ರದ್ಧೆ. ಇಂದಿಗೂ ಇರಾನಿನ ಪೇಟೆಗಳು ಆ ದಿನ ಬೆಳಕಿನಿಂದ ತುಂಬುತ್ತವೆ. ಕಣ್ಮರೆಯಾದ ಇಮಾಮರಿಗೆ ಅರ್ಜಿ ಬರೆದು ಹರಿಯುವ ನೀರಿನಲ್ಲಿ ಬಿಡುವ ರೂಢಿ ಲಖನೌದ ಶಿಯಾಗಳಲ್ಲೂ ಇದೆ.

ಇದೇ ಜಹಾಂಗೀರನ ಕಾಲದಲ್ಲಿ ದೆಹಲಿಯಲ್ಲಿದ್ದ ಶೇಖ್ ಅಬ್ದುಲ್ ಹಕ್ (1551–1642) ಹದೀಸ್ ವಿದ್ಯೆಯನ್ನು ಉತ್ತರ ಭಾರತದಲ್ಲಿ ನೆಲೆಗೊಳಿಸಿದ ಮಹನೀಯರು. ಅವರನ್ನು ನಾನು ಗೌರವದಿಂದಲೇ ಓದುತ್ತೇನೆ. ವರ್ಷದ ಪುಣ್ಯದಿನಗಳ ಬಗ್ಗೆ ಅವರು ಬರೆದ ಗ್ರಂಥದಲ್ಲಿ ಬರಾತ್ ರಾತ್ರಿಯ ಪ್ರಾರ್ಥನೆಯನ್ನು ಒಪ್ಪಿ, ಮನೆಗೋಡೆಗಳ ಮೇಲೆ ದೀಪವಿಡುವುದನ್ನೂ ಮದ್ದು ಸುಡುವುದನ್ನೂ ಖಂಡಿಸಿದ್ದಾರೆ. ಇಂಥದ್ದು ಅರಬ್ ನಾಡಿನಲ್ಲೂ ಇಲ್ಲ, ಬೇರೆ ನಾಡಿನಲ್ಲೂ ಇಲ್ಲ, ಹಿಂದೂಸ್ತಾನದಲ್ಲಿ ಮಾತ್ರ ಇದೆ, ಬಹುಶಃ ಹಿಂದೂಗಳ ದೀಪಾವಳಿಯಿಂದ ಬಂದಿರಬೇಕು ಎಂಬುದು ಅವರ ವಾದ. ‘ದೀಪಾವಳಿಯ ಅನುಕರಣೆ’ ಎಂಬ ಇಂದಿನ ಮಾತಿಗೆ ಇದೇ ದೊಡ್ಡ ಆಕರ. ಆದರೆ ಬರ್ಮಕಿಗಳ ಹಳೆಯ ಕಥೆಯನ್ನೂ ಅವರು ಅಲ್ಲೇ ಉಲ್ಲೇಖಿಸುತ್ತಾರೆ. ದೀಪ ಬರ್ಮಕಿಗಳಿಂದ ಬಂದಿದ್ದರೆ ದೀಪಾವಳಿಯಿಂದ ಬಂದದ್ದಲ್ಲ, ದೀಪಾವಳಿಯಿಂದ ಬಂದಿದ್ದರೆ ಬರ್ಮಕಿಗಳಿಂದ ಬಂದದ್ದಲ್ಲ. ಬೇರೆ ನಾಡಿನಲ್ಲಿ ಇಲ್ಲವೆಂಬುದೂ ಸರಿಯಲ್ಲ. ಅವರ ಯೌವನದ ಕಾಲದಲ್ಲೇ ಇಸ್ತಾಂಬುಲ್‌ನ ಸುಲ್ತಾನ ಎರಡನೆಯ ಸಲೀಮ್ (ಆಳ್ವಿಕೆ 1566–74) ಪುಣ್ಯರಾತ್ರಿಗಳಲ್ಲಿ ಮಿನಾರುಗಳ ಮೇಲೆ ದೀಪ ಬೆಳಗಿಸುವ ಕ್ರಮ ತಂದಿದ್ದ. ಅದರಿಂದಲೇ ತುರ್ಕರು ಆ ರಾತ್ರಿಗಳಿಗೆ ‘ಕಂದೀಲ್’ ಎಂದು ಹೆಸರಿಟ್ಟರು. ನಮ್ಮ ಅಜ್ಜಿಯರು ಒರೆಸಿ ಬತ್ತಿ ಏರಿಸುತ್ತಿದ್ದ ಕಂದೀಲೂ ಆ ಪದವೇ.

ಇನ್ನೊಂದು ಸರಳ ಸಂಗತಿ ಆಕಾಶದಲ್ಲೇ ಇದೆ. ದೀಪಾವಳಿ ಅಮಾವಾಸ್ಯೆಯ ಹಬ್ಬ, ಕತ್ತಲನ್ನು ಓಡಿಸುವ ದೀಪ. ಬರಾತ್ ಎಂದೆಂದೂ ಹುಣ್ಣಿಮೆಯ ಆಸುಪಾಸಿನದು. ಹಿಜರಿ ವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ, ಆದರೂ ದೀಪಾವಳಿಯ ರಾತ್ರಿಯನ್ನು ಅದು ಸಂಧಿಸಲಾರದು. ಸಂಧಿಸುವುದಿದ್ದರೆ ಹೋಳಿಯನ್ನು. 2022ರ ಮಾರ್ಚ್ 18ರಂದು ಹಗಲು ಬಣ್ಣವಾಡಿದ ಬೀದಿಯಲ್ಲೇ ರಾತ್ರಿ ಜನ ಖಬರಸ್ತಾನಕ್ಕೆ ನಡೆದರು.

ಇಷ್ಟೆಲ್ಲ ಹೇಳಿದ ಮೇಲೂ, ಹಿಂದೂ ನೆರೆಯವರ ನಡುವೆ ಬಾಳಿದ್ದರಿಂದ ಬರಾತ್‌ಗೆ ಏನೂ ಸೇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಮಸೀದಿಯ ದೀಪ ಮನೆಯ ಗೋಡೆಗೆ ಬಂದಾಗ ಅದು ಕುಂಬಾರನ ಮಣ್ಣಿನ ಹಣತೆಯಾಗಿಯೇ ಬಂತು. ಒಂದೇ ಕೈಯ ಮಣ್ಣು, ಒಂದೇ ಗಾಣದ ಎಣ್ಣೆ. ಸಾಮಗ್ರಿ ನೆಲದ್ದು, ದೀಪದ ಚರಿತ್ರೆ ಅದಕ್ಕಿಂತ ಉದ್ದದ್ದು.

ಮೂರು ಯಾಸೀನ್, ಒಂದು ತಟ್ಟೆ ಹಲ್ವ

ಕರ್ನಾಟಕದೊಳಗೆ ಈ ರಾತ್ರಿ ಒಂದೇ ಬಗೆಯದಲ್ಲ. ಘಟ್ಟದ ಮೇಲಿನ ದಖನಿ ಮಾತಿನವರು ಹನಫೀ ಪಂಥದವರು, ಅವರ ನಡವಳಿಕೆ ಹೈದರಾಬಾದ್, ದೆಹಲಿಗಳ ಕಡೆಗೆ ಮುಖ ಮಾಡಿದೆ. ಘಟ್ಟದ ಕೆಳಗಿನ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈಗಳು, ಅವರ ನಂಟು ಮಲಬಾರು, ಯಮನ್, ಸಮುದ್ರದಾಚೆಯ ಜಾವಾಗಳೊಂದಿಗೆ. ಈ ಕಡಲ ಹಾದಿಯ ಬರಾತ್‌ನಲ್ಲಿ ಬಾಣಬಿರುಸಿಗೆ ಜಾಗವಿರಲಿಲ್ಲ. ಮಗ್ರಿಬ್ ನಮಾಜಿನ ನಂತರ ಮೂರು ಸಲ ಯಾಸೀನ್ ಅಧ್ಯಾಯ ಓದುವುದೇ ಅಲ್ಲಿ ಮುಖ್ಯ: ಒಂದು ಆಯುಸ್ಸಿಗೆ, ಒಂದು ಅನ್ನಕ್ಕೆ, ಒಂದು ಒಳ್ಳೆಯ ಸಾವಿಗೆ. ಕೇರಳ, ತಮಿಳು ಕರಾವಳಿ, ಮಲೇಷ್ಯಾ, ಇಂಡೊನೇಷ್ಯಾಗಳಲ್ಲೂ ಇದೇ ಕ್ರಮವಿದೆ. ಸೂಫಿಗಳಲ್ಲಿ ತಲೆಮಾರಿನಿಂದ ಬಂದ ಈ ರೂಢಿಯನ್ನು ಮುರ್ತಜಾ ಜಬೀದಿ (1732–1791) ಇಹ್ಯಾದ ತಮ್ಮ ಬೃಹತ್ ವ್ಯಾಖ್ಯಾನದಲ್ಲಿ ನಮೂದಿಸಿದ್ದಾರೆ. ಅವರು ಹುಟ್ಟಿದ್ದು ಅವಧದ ಬಿಲ್‌ಗ್ರಾಮ್‌ನಲ್ಲಿ, ಕಲಿತದ್ದು ಯಮನಿನ ಜಬೀದ್‌ನಲ್ಲಿ, ತೀರಿಕೊಂಡದ್ದು ಕೈರೋದಲ್ಲಿ. ಆ ವಿದ್ವಾಂಸರ ಬದುಕಿನ ದಾರಿಯೇ ಆಚರಣೆಗಳು ಪಯಣಿಸಿದ ದಾರಿಯ ನಕ್ಷೆಯಂತಿದೆ. ಜಾವಾದಲ್ಲಿ ಶಾಬಾನ್ ತಿಂಗಳ ಹೆಸರೇ ‘ರುವಾಹ್’, ಆತ್ಮಗಳ ತಿಂಗಳು.

ಬಯಲುಸೀಮೆಯ ಬರಾತ್‌ಗೆ ಹಳೆಯ ವಿವರ ಬೇಕಾದವರು ಏಲೂರಿನ ಜಾಫರ್ ಶರೀಫ್ ಬರೆದ, ಹರ್ಕ್‌ಲಾಟ್ಸ್ ಎಂಬ ವೈದ್ಯ ಇಂಗ್ಲಿಷಿಗೆ ತಂದು 1832ರಲ್ಲಿ ಪ್ರಕಟಿಸಿದ ‘ಕಾನೂನ್-ಎ-ಇಸ್ಲಾಂ’ ನೋಡಬೇಕು. ಸತ್ತವರ ಹೆಸರಿನಲ್ಲಿ ಅಡುಗೆಯ ಮೇಲೆ ಫಾತಿಹಾ, ರಾತ್ರಿಯಿಡೀ ಎಚ್ಚರ, ಬಾಣಬಿರುಸು, ಎಲ್ಲವೂ ಅಲ್ಲಿವೆ. ಇವುಗಳಲ್ಲಿ ಪಟಾಕಿ ಈಗ ನಮ್ಮ ಊರುಗಳಲ್ಲಿ ಬಹುತೇಕ ನಿಂತಿದೆ, ನಿಂತದ್ದು ಒಳ್ಳೆಯದೇ ಆಯಿತು. ಉಳಿದದ್ದು ಹಲ್ವ.

ಹಲ್ವಕ್ಕೆ ಜನ ಹೇಳುವ ಕಾರಣ ಉಹುದ್ ಯುದ್ಧದಲ್ಲಿ ಪ್ರವಾದಿಯವರ ಹಲ್ಲು ಮುರಿದು ಅವರು ಮೆತ್ತನೆಯ ಹಲ್ವ ತಿಂದರು ಎಂಬುದು. ಉಹುದ್ ನಡೆದದ್ದು ಶವ್ವಾಲ್ ತಿಂಗಳಲ್ಲಿ, ಶಾಬಾನಿನಲ್ಲಲ್ಲ. ಆದ್ದರಿಂದ ಈ ಕಾರಣ ನಿಲ್ಲುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಹೆಂಗಸರಿಗೆಂದೇ ‘ಬಹಿಶ್ತೀ ಜೇವರ್’ ಬರೆದ ಅಶ್ರಫ್ ಅಲಿ ಥಾನವೀ ಬರಾತ್‌ನ ಹಲ್ವವನ್ನೂ ಪಟಾಕಿಯನ್ನೂ ಒಟ್ಟಿಗೇ ಖಂಡಿಸಿದರು. ಎದುರು ಪಕ್ಷದ ಬರೇಲ್ವಿ ಉಲೇಮಾಗಳು ಪಟಾಕಿ ತಪ್ಪೆಂದು ಒಪ್ಪಿ, ಸತ್ತವರಿಗೆ ಪುಣ್ಯ ಮುಟ್ಟಿಸುವ ಓದಿಕೆಯನ್ನು ಸಮರ್ಥಿಸಿದರು. ಎರಡೂ ಕಡೆಯವರು ಗ್ರಂಥ ತೆರೆದು ವಾದಿಸುತ್ತಿದ್ದಾಗ ಒಲೆಯ ಮುಂದೆ ಕೂತವಳನ್ನು ಯಾರೂ ಕೇಳಲಿಲ್ಲ.

ಕೇಳಬೇಕಿತ್ತು. ಫಾಕಿಹೀಯ ಮೆಕ್ಕಾದಲ್ಲಿ ಹೆಂಗಸರು ಈ ರಾತ್ರಿ ಮಸೀದಿಯಲ್ಲಿದ್ದರು. 14ನೇ ಶತಮಾನದ ಕೈರೋದಲ್ಲಿ ಅವರು ಸ್ಮಶಾನಕ್ಕೆ ಹೋಗುತ್ತಿದ್ದರೆಂದು ಇಬ್ನುಲ್ ಹಾಜ್ (ನಿಧನ 1336) ಸಿಟ್ಟಿನಿಂದ ಬರೆದಿದ್ದಾರೆ. ನಮ್ಮ ಊರುಗಳಲ್ಲಿ ಬಹುಮಟ್ಟಿಗೆ ಖಬರಸ್ತಾನಕ್ಕೆ ಹೋಗುವವರು ಗಂಡಸರು. ಹೆಂಗಸರ ಪಾಲಿಗೆ ಉಳಿದದ್ದು ಅಡುಗೆಮನೆ. ಅವರು ಸತ್ತವರನ್ನು ನೆನೆಯುವುದು ಅಲ್ಲಿ. ಹಲ್ವದ ತಟ್ಟೆ ಮುಂದಿಟ್ಟು ಊದು ಹಾಕಿ ಓದಿಕೆ ಮಾಡಿಸುವಾಗ, ಯಾರ ಯಾರ ಹೆಸರಿನಲ್ಲಿ ಎಂದು ಕೇಳಿದರೆ ಹೆಸರು ಹೇಳುವವಳು ಮನೆಯ ಹಿರಿಯ ಹೆಂಗಸು. ಗಂಡನ ಮನೆಯವರು, ತವರಿನವರು, ಎಳವೆಯಲ್ಲೇ ಹೋದ ಕೂಸು, ಊರುಬಿಟ್ಟು ಹೋಗಿ ಮಣ್ಣು ಎಲ್ಲಿ ಸಿಕ್ಕಿತೆಂದು ತಿಳಿಯದ ಮೈದುನ. ಗೋರಿಯಿಲ್ಲದವರಿಗೂ ಅಲ್ಲಿ ಪಾಲುಂಟು. ಆಮೇಲೆ ಅದೇ ತಟ್ಟೆ ಓಣಿಯ ಮನೆಗಳಿಗೆ, ಮುಸ್ಲಿಮರಲ್ಲದವರ ಮನೆಗೂ ಹೋಗುತ್ತದೆ.

ನಮ್ಮ ಕಾಲದ ಬರಾತ್‌ಗೆ ತನ್ನದೇ ಕೊರತೆಗಳಿವೆ. ಬೆಂಗಳೂರಿನಲ್ಲಿ ಆ ರಾತ್ರಿ ಹುಡುಗರು ಬೈಕ್ ಎತ್ತಿ ಓಡಿಸುತ್ತಾರೆಂದು ಸಂಚಾರ ಪೊಲೀಸರು ಮೇಲ್ಸೇತುವೆಗಳನ್ನು ಮುಚ್ಚುವಂತಾಗಿದೆ. ಮಸೀದಿಗಳಲ್ಲಿ ಮೊದಲೇ ಅದರ ವಿರುದ್ಧ ಬುದ್ಧಿವಾದ ಹೇಳುತ್ತಾರೆ. ಪ್ರಾರ್ಥನೆಗೆಂದು ಎದ್ದಿದ್ದ ರಾತ್ರಿ ಮನೆಗೊಂದು ಹೊಸ ಗೋರಿ ತರುವುದಾದರೆ ಅದಕ್ಕಿಂತ ದುಃಖ ಬೇರೆ ಇಲ್ಲ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ನಡುವೆ ಬರಾತ್ ಬಂದಾಗ ಮಸೀದಿಯೂ ಖಬರಸ್ತಾನವೂ ಮುಚ್ಚಿದ್ದವು. ಜನ ಮನೆಯಲ್ಲೇ ಒಬ್ಬೊಬ್ಬರಾಗಿ ಕೂತು ಓದಿದರು. ಸಾವಿರದ ಇನ್ನೂರೈವತ್ತು ವರ್ಷಗಳ ಹಿಂದೆ ಔಜಾಈ ಹೇಳಿದ್ದ ಕ್ರಮ ಆ ಒಂದು ವರ್ಷ ಅಕ್ಷರಶಃ ನಡೆಯಿತು.

ಈ ರಾತ್ರಿಯ ಲಿಖಿತ ಚರಿತ್ರೆಯನ್ನೆಲ್ಲ ಬರೆದವರು ಗಂಡಸರು. ಹೆಚ್ಚಿನವರು ಬರೆದದ್ದು ಅದನ್ನು ತಿದ್ದಲು ಅಥವಾ ನಿಲ್ಲಿಸಲು. ಆಚರಿಸಿದವರ ಚರಿತ್ರೆ ಇರುವುದು ಓದಿಕೆಯ ಹೊತ್ತಿನಲ್ಲಿ ಬಾಯಿಪಾಠವಾಗಿ ಬರುವ ಆ ಹೆಸರುಗಳ ಸಾಲಿನಲ್ಲಿ. ಕರ್ನಾಟಕದ ಎಷ್ಟೋ ಮುಸ್ಲಿಂ ಕುಟುಂಬಗಳಿಗೆ ಅದಕ್ಕಿಂತ ಹಳೆಯ ವಂಶಾವಳಿ ಕಾಗದದ ಮೇಲೆ ಇಲ್ಲ. ಮುಂದಿನ ಶಾಬಾನ್ ಬರುವ ಮೊದಲು ನಿಮ್ಮ ಮನೆಯ ದಾದಿ, ನಾನಿಯರ ಪಕ್ಕದಲ್ಲಿ ಕೂತು ಆ ಹೆಸರುಗಳನ್ನು ಒಂದೊಂದಾಗಿ ಕೇಳಿ, ಯಾರು ಯಾವ ಊರಿನವರೆಂದು ಸೇರಿಸಿ, ಬರೆದಿಟ್ಟುಕೊಳ್ಳಿ.